ಲಂಡನ್ನಿನಲ್ಲಿ ಜೋಳದ ಗರಿ

ಪಶ್ಚಿಮ ಆಫ್ರಿಕದ ಘಾನಾ ದೇಶದಲ್ಲಿ ಅಕ್ಕಿಯನ್ನೂ ಅಲಸಂದೆ ಕಾಳನ್ನೂ ಕೂಡಿಸಿ ಬೇಯಿಸುವ ಒಂದು ಅನ್ನವುಂಟು. ಅದರ ಹೆಸರು ವಾಚೆ. ಹೌಸಾ ಭಾಷೆಯಲ್ಲಿ ‘ಶಿಂಕಾಫಾ’ ಎಂದರೆ ಅಕ್ಕಿ, ‘ವಾಕೆ’ ಎಂದರೆ ಕಾಳು. ಎರಡೂ ಸೇರಿದ ನೀಳವಾದ ಹೆಸರು ಬಳಕೆಯಲ್ಲಿ ಸವೆದು, ಕಾಳಿನ ಹೆಸರಷ್ಟೇ ಉಳಿದುಕೊಂಡಿದೆ. ರಾಜಧಾನಿ ಅಕ್ರಾದಲ್ಲಿ ಬೆಳಗಿನ ಹೊತ್ತು ಬೀದಿಬದಿಯ ಹೆಣ್ಣುಮಕ್ಕಳು ಇದನ್ನು ಅಗಲವಾದ ಎಲೆಗಳಲ್ಲಿ ಕಟ್ಟಿಕೊಡುತ್ತಾರೆ.

ಅಕ್ರಾ ನಗರಕ್ಕೂ ಇದು ಹೊರಗಿನಿಂದ ಬಂದ ಅಡುಗೆಯೇ. ಉತ್ತರದ ಒಣನಾಡಿನಿಂದ ವ್ಯಾಪಾರಕ್ಕೂ ಕೂಲಿಗೂ ಬಂದವರು ನೆಲೆಸಿದ ಕೇರಿಗಳಿಗೆ ‘ಜೊಂಗೊ’ ಎನ್ನುತ್ತಾರೆ. ಈ ಹೌಸಾ ಶಬ್ದದ ಮೂಲಾರ್ಥ ದಾರಿಹೋಕರ ತಂಗುದಾಣ. ತಂಗುದಾಣದ ಅನ್ನವು ಕಾಲಕ್ರಮದಲ್ಲಿ ಇಡೀ ದೇಶದ ಅನ್ನವಾಯಿತು.

ಇದರ ವೈಶಿಷ್ಟ್ಯವಿರುವುದು ಬಣ್ಣದಲ್ಲಿ. ಜೋಳದ ದಂಟನ್ನು ಸುತ್ತಿಕೊಂಡಿರುವ ಕೆಂಪು ಗರಿಯನ್ನು ಒಣಗಿಸಿಟ್ಟುಕೊಂಡು, ನೆನೆಸಿದ ಕಾಳಿನೊಡನೆ ಕುದಿಸುತ್ತಾರೆ. ನೀರು ಕಡುಗೆಂಪಾಗುತ್ತದೆ. ಕಾಳು ಮುಕ್ಕಾಲು ಬೆಂದಾಗ, 1 ಪಾಲು ಕಾಳಿಗೆ 2 ಪಾಲಿನಂತೆ ಅಕ್ಕಿಯನ್ನೂ ಉಪ್ಪನ್ನೂ ಸೇರಿಸಿ, ನೀರು ಇಂಗುವವರೆಗೆ ಸಣ್ಣ ಉರಿಯಲ್ಲಿಡುತ್ತಾರೆ. ಬಡಿಸುವ ಮುನ್ನ ಗರಿಯನ್ನು ತೆಗೆದು ಎಸೆಯುತ್ತಾರೆ. ಪಾತ್ರೆಯೊಳಗಿನ ಅನ್ನವು ಶುದ್ಧ ಸಸ್ಯಾಹಾರ; ಜೊತೆಗೆ ಬಡಿಸುವ ‘ಶಿಟೊ’ ಎಂಬ ಕಪ್ಪು ಖಾರದಲ್ಲಿ ಮಾತ್ರ ಒಣಮೀನು ಇರುತ್ತದೆ.

ಲಂಡನ್ನಿನಲ್ಲಿ ನೆಲೆಸಿದ ಘಾನಾದವರಿಗೆ ಅಕ್ಕಿಗೂ ಅಲಸಂದೆಗೂ ಕೊರತೆಯಿಲ್ಲ. ಎಲ್ಲೆಡೆ ದೊರೆಯದಿರುವುದು ಈ ಗರಿಯೊಂದೇ. ನಗರದ ದಕ್ಷಿಣಕ್ಕಿರುವ ಪೆಕಮ್ ಬಡಾವಣೆಯ ರೈ ಲೇನ್ ಬೀದಿಯಲ್ಲಿ ಆಫ್ರಿಕದವರ ಅಂಗಡಿಗಳ ಸಾಲಿದೆ. ಅಲ್ಲಿಯ ಒಂದು ಅಂಗಡಿಯಲ್ಲಿ ಗರಿಯ ಕಟ್ಟುಗಳನ್ನು ಕಂಡು ನನಗೆ ಸೋಜಿಗವೆನಿಸಿತು. ನಮ್ಮ ವಿಜಯಪುರದ ಸೀಮೆಯಲ್ಲಿ ದನಗಳ ಮೇವಾಗುವ ವಸ್ತು ಅಲ್ಲಿ ಹಣ ತೆತ್ತು ಕೊಳ್ಳುವ ಸರಕು! ವಿಚಾರ ಮಾಡಿದರೆ ಜೋಳವಾಗಲಿ ಅಲಸಂದೆಯಾಗಲಿ ಆಫ್ರಿಕದಲ್ಲಿ ಹುಟ್ಟಿ, ಸಾವಿರಾರು ವರ್ಷಗಳ ಹಿಂದೆ ನಮ್ಮ ನೆಲಕ್ಕೆ ಬಂದ ಬೆಳೆಗಳು. ನಮ್ಮ ರೊಟ್ಟಿಯ ತವರೂ ಅದೇ ಖಂಡ.

ಗರಿ ಸಿಗದ ಕಡೆ ಅಡುಗೆ ಸೋಡಾದಿಂದಲೇ ತೃಪ್ತಿಪಡಬೇಕು. ಸೋಡಾದ ಕ್ಷಾರಗುಣದಿಂದ ಕಾಳಿನ ಸಿಪ್ಪೆ ಬೇಗನೆ ಮೆತ್ತಗಾಗುತ್ತದೆ, ಅನ್ನಕ್ಕೆ ತುಸು ಕಂದುಛಾಯೆಯೂ ಬರುತ್ತದೆ. ಅಳತೆ ಮೀರಿದರೆ ಸಾಬೂನಿನ ವಾಸನೆ ಹೊಡೆಯುತ್ತದೆ. ಗರಿಯೊಡನೆ ಚಿಟಿಕೆ ಸೋಡಾ ಬೆರೆಸಿ ಬಣ್ಣವನ್ನು ಗಾಢಗೊಳಿಸುವವರು ಘಾನಾದಲ್ಲಿಯೂ ಇದ್ದಾರೆ. ಆದರೆ ಬರಿಯ ಸೋಡಾದಿಂದ ಆ ಕೆಂಪು ಮೂಡದು.

ಗರಿ ಕೊಳ್ಳುತ್ತಿದ್ದ ತಾಯಿಯೊಬ್ಬರನ್ನು, “ಇಷ್ಟು ದೂರ ಬಂದು ಇದನ್ನೇ ಕೊಳ್ಳಬೇಕೆ?” ಎಂದು ವಿಚಾರಿಸಿದೆನು. “ನನಗಾದರೆ ಸೋಡಾದ ಅನ್ನವೂ ಸಾಕು. ನನ್ನ ಮಕ್ಕಳು ಇಲ್ಲಿಯೇ ಹುಟ್ಟಿದವರು. ಅದನ್ನೇ ಉಣ್ಣಿಸಿದರೆ ವಾಚೆಯೆಂದರೆ ಅಷ್ಟೇ ಎಂದು ತಿಳಿದುಬಿಡುತ್ತಾರೆ” ಎಂದರು.

ಆ ಮಾತು ನಮ್ಮ ಮನೆಗಳಿಗೂ ಸಲ್ಲುತ್ತದೆ. ಹೊರನಾಡಿಗೆ ಹೊರಟ ಮಗಳಿಗೆ ತಾಯಂದಿರು ಅಡುಗೆಯ ಅಳತೆಗಳನ್ನು ಬರೆದುಕೊಡುತ್ತಾರೆ. ಉಣ್ಣುವ ಪದಾರ್ಥಗಳೆಲ್ಲ ಆ ಪಟ್ಟಿಯಲ್ಲಿರುತ್ತವೆ. ಕುದಿಸಿ ತೆಗೆದುಹಾಕುವ ಸೊಪ್ಪುಕಡ್ಡಿ ಇರುವುದಿಲ್ಲ. ಪ್ರಿಯ ಸೋದರಿಯರು ಅದನ್ನೂ ತಪ್ಪದೆ ಬರೆದುಕೊಡಲಿ.