ಒಲೆಯಿಲ್ಲದ ಬಿಸಿನೀರು

ಬಸವನಗುಡಿಯ ನಮ್ಮ ಹಳೆಯ ಮನೆಯಲ್ಲಿ ಬಚ್ಚಲೊಲೆ ಹೋಗಿ ಗೀಸರ್ ಬಂದು ಇಪ್ಪತ್ತು ವರ್ಷವಾಯಿತು. ಆದರೂ ತಾಮ್ರದ ಹಂಡೆಯನ್ನು ಮಾರಲು ಅಮ್ಮ ಒಪ್ಪಿಲ್ಲ. ನೀರು ತುಂಬುವ ಹಬ್ಬ ಬಂತೆಂದರೆ ಹುಣಿಸೆಹಣ್ಣು ಹಾಕಿ ಅದನ್ನು ಉಜ್ಜಲೇಬೇಕು. ಒಂಬತ್ತನೇ ತರಗತಿಯ ಮಗಳಿಗೆ ಬೇರೆಯೇ ಹುಚ್ಚು. ಜಪಾನಿನ ಬಿಸಿನೀರಿನ ಊರುಗಳ ಚಿತ್ರ ನೋಡಿ 'ಅಪ್ಪಾ, ಹೋಗೋಣ' ಎಂದು ಹಠ ಹಿಡಿದಿದ್ದಳು. ಮೇಷ್ಟರ ಸಂಬಳಕ್ಕೆ ಜಪಾನ್ ದೂರ. ಪುತ್ತೂರಾದರೆ ಒಂದು ರಾತ್ರಿಯ ಬಸ್ಸು. ದಸರಾ ರಜೆಯಲ್ಲಿ ಮೂವರೂ ಹೊರಟೆವು.

ಪುತ್ತೂರಿನಿಂದ ಸುಮಾರು 15 ಕಿಲೋಮೀಟರ್ ದೂರದ ಇರ್ದೆಯಲ್ಲಿ, ಸೀರೆ ಹೊಳೆಯ ದಡದಲ್ಲಿದೆ ಬೆಂದ್ರು ತೀರ್ಥ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ನಮ್ಮ 'ಬೆಂದ ನೀರು' ನೆನಪಾಗುತ್ತದಲ್ಲವೆ? ದಕ್ಷಿಣ ಭಾರತಕ್ಕೆಲ್ಲ ಇದೊಂದೇ ಬಿಸಿನೀರಿನ ಬುಗ್ಗೆ ಎಂದು ಹೇಳುವುದುಂಟು. ಅದು ಸರಿಯಲ್ಲ, ತೆಲಂಗಾಣದ ಮಣುಗೂರಿನ ಕಡೆಯೂ ಇವೆ.

ಕೊಳದ ಹತ್ತಿರ ಹೋಗುತ್ತಿದ್ದಂತೆಯೇ ಕೊಳೆತ ಮೊಟ್ಟೆಯ ವಾಸನೆ ತೆಳುವಾಗಿ ಬಂತು. ಹೈಡ್ರೋಜನ್ ಸಲ್ಫೈಡ್! ಕಾಲೇಜಿನ ಪ್ರಯೋಗಾಲಯದಲ್ಲಿ ಕಿಪ್ ಉಪಕರಣದ ಮುಂದೆ ಮೂಗು ಮುಚ್ಚಿಕೊಂಡ ದಿನಗಳು ನೆನಪಾದವು. ಕುದಿಯುವ ನೀರನ್ನು ಕಾಣುವ ಆಸೆಯಿಂದ ಬಂದಿದ್ದ ಮಗಳು ಥರ್ಮಾಮೀಟರ್ ಇಳಿಬಿಟ್ಟಳು. 37 ಡಿಗ್ರಿ ಸೆಲ್ಸಿಯಸ್. 'ಇಷ್ಟೇನಾ? ನನ್ನ ಮೈಬಿಸಿಯೂ ಅಷ್ಟೇ!' ಎಂದು ಮುಖ ಸಣ್ಣದು ಮಾಡಿಕೊಂಡಳು. ಅಮ್ಮ ಮಾತ್ರ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟು, 'ಎಣ್ಣೆನೀರಿಗೆ ಸರಿಯಾದ ಹದ ಕಣೋ' ಎಂದಳು. ಮಂಡಿನೋವಿಗೆ ಬಿಸಿನೀರು ಹಿತವೆನ್ನಿಸುವುದು ನಿಜ. ಆದರೆ ಚರ್ಮರೋಗವೆಲ್ಲ ವಾಸಿಯಾಗುತ್ತದೆಂದು ನಂಬಿ ಔಷಧಿ ಬಿಡುವವರಿಗೆ ನನ್ನ ಬೆಂಬಲವಿಲ್ಲ.

ಒಲೆ ಎಲ್ಲಿದೆ? ಜಪಾನಿನಲ್ಲಾದರೆ ಹಲವೆಡೆ ಜ್ವಾಲಾಮುಖಿಯೇ ಒಲೆ. ಅಲ್ಲಿನ ಕುಸಾತ್ಸು ಊರಿನಲ್ಲಿ ನೀರು 50 ಡಿಗ್ರಿಗೂ ಮೀರಿ ಉಕ್ಕುತ್ತದೆ. ತಣ್ಣೀರು ಬೆರೆಸಿದರೆ ಸತ್ವ ಕೆಡುತ್ತದೆಂದು, ಉದ್ದನೆಯ ಹಲಗೆಗಳಿಂದ ಕದಡಿ ಆರಿಸುವುದು ಅಲ್ಲಿನ ಹಳೆಯ ಪದ್ಧತಿ. ನಮ್ಮಲ್ಲಿ ಜ್ವಾಲಾಮುಖಿಯಿಲ್ಲ. ಮಳೆನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕಿಳಿಯುತ್ತದೆ. ಭೂಮಿಯೊಳಗೆ ಕಿಲೋಮೀಟರಿಗೆ ಸರಾಸರಿ 25ರಿಂದ 30 ಡಿಗ್ರಿ ಶಾಖ ಏರುತ್ತದೆ. ನಮ್ಮ ಪರ್ಯಾಯದ್ವೀಪದ ಹಳೆಯ ಶಿಲೆಗಳಲ್ಲಿ ಅದಕ್ಕಿಂತ ಕಡಿಮೆ. 26 ಡಿಗ್ರಿಯ ನೀರು 37ಕ್ಕೆ ಏರಬೇಕಾದರೆ ಅರ್ಧ ಕಿಲೋಮೀಟರಾದರೂ ಇಳಿದಿರಬೇಕು. ಮೇಲೆ ಬರುವಾಗ ಆರುವುದನ್ನೂ ಸೇರಿಸಿದರೆ ಇನ್ನೂ ಆಳ. ಮಗಳು ಅಲ್ಲೇ ಕೂತು ಲೆಕ್ಕ ಹಾಕಿದಳು, ಮುಖವೂ ಸ್ವಲ್ಪ ಅರಳಿತು. 1948ರ ಜಪಾನಿನ ಕಾನೂನಿನ ಪ್ರಕಾರ ಬುಗ್ಗೆಯ ನೀರು 25 ಡಿಗ್ರಿಯಿದ್ದರೂ ಸಾಕು, ಅದು ಬಿಸಿನೀರಿನ ಬುಗ್ಗೆಯೇ ಎಂದ ಮೇಲಂತೂ ಇರ್ದೆಯ ಮೇಲೆ ಅವಳಿಗೆ ಗೌರವ ಬಂತು.

ಅದೇ ಕಾನೂನಿನಲ್ಲಿ ಇನ್ನೊಂದು ಮಾತಿದೆ. ಬಿಸಿನೀರಿಗಾಗಿ ನೆಲ ಕೊರೆಯಬೇಕಾದರೆ ಪ್ರಾಂತ್ಯದ ಗವರ್ನರರ ಅನುಮತಿ ಬೇಕು. ಒಂದು ಬುಗ್ಗೆಯ ನೀರನ್ನು ಇನ್ನೊಂದು ಕೊಳವೆ ಎಳೆದುಕೊಂಡೀತೆಂಬ ಎಚ್ಚರ ಅದು.

ಕೊಳದ ಬಳಿ ಸಿಕ್ಕ ಅಡಿಕೆ ತೋಟದ ಹಿರಿಯರೊಬ್ಬರಿಗೆ ಇದನ್ನು ಹೇಳಿದೆ. ಅವರು ನಕ್ಕರು. 'ಮಳೆಗಾಲ ಮುಗಿದದ್ದಷ್ಟೆ, ಹಾಗಾಗಿ ಈಗ ನೀರುಂಟು ಮಾಷ್ಟ್ರೇ. ಏಪ್ರಿಲಿನಲ್ಲಿ ಬಂದರೆ ಇರ್ತದೆ ಅಂತ ಹೇಳ್ಲಿಕ್ಕಾಗುವುದಿಲ್ಲ. ಸುತ್ತ ಎಲ್ಲ ಬೋರು. ನಮ್ಮಲ್ಲೂ ಒಂದುಂಟು. ತೋಟ ಒಣಗಿಸ್ಲಿಕ್ಕೆ ಆಗ್ತದಾ?'

ನಾನು ಏನು ಹೇಳಲಿ? ನಮ್ಮ ಬೀದಿಯಲ್ಲೂ ಮನೆಮನೆಗೆ ಬೋರು ಕೊರೆಸಿದ್ದೇವೆ, ಅದೂ ಅಡಿಕೆ ಬೆಳೆಯುವುದಕ್ಕಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿದಾಗ, ಇನ್ನೂ ಆಳಕ್ಕೆ ಕೊರೆಸೋಣವೆಂದವರಲ್ಲಿ ನಾನೂ ಒಬ್ಬ. ಇದನ್ನು ಮಗಳ ಮುಂದೆಯೇ ಅವರಿಗೆ ಹೇಳಿದೆ.

ಅಮ್ಮ ಒಂದು ಬಾಟಲಿ ನೀರು ತುಂಬಿಸಿಕೊಂಡಳು. ಬೆಂಗಳೂರು ಮುಟ್ಟುವ ಹೊತ್ತಿಗೆ ಅದು ತಣ್ಣಗಾಗಿತ್ತು, ಮುಚ್ಚಳ ತೆಗೆದಿಟ್ಟ ಮೇಲೆ ವಾಸನೆಯೂ ಹೋಯಿತು. ದೀಪಾವಳಿಗೆ ಹಂಡೆ ತುಂಬುವಾಗ ಅದನ್ನೂ ಸುರಿದಳು. ಮಗಳು ಥರ್ಮಾಮೀಟರನ್ನು ಶಾಲೆಗೆ ಹಿಂತಿರುಗಿಸಿಲ್ಲ, ಏಪ್ರಿಲಿಗೆ ಬೇಕಂತೆ.