ರಬ್ಬರ್ ಟೋಪಿಯೊಳಗಿನ ಗ್ರೀಸ್

ಆಟಿಯ ಜಡಿಮಳೆ. ಉಬ್ಬಸದಿಂದ ಬಳಲುತ್ತಿದ್ದ ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವಾಗ ನಮ್ಮ ಹಳೆಯ ಕಾರು ಉಪ್ಪಳದಲ್ಲಿ ಕೆಮ್ಮಿ ನಿಂತಿತು.

ಗ್ಯಾರೇಜಿನ ಹುಡುಗ ಸ್ಪಾರ್ಕ್ ಪ್ಲಗ್ಗಿನ ರಬ್ಬರ್ ಟೋಪಿ ಕಳಚಿದ. ಒಳಗೆ ನೀರಿನ ಪಸೆ. ಕರೆಂಟು ಅಡ್ಡದಾರಿ ಹಿಡಿದಿತ್ತು. ಒರಸಿ ಒಣಗಿಸಿ, ಟೋಪಿಯ ಒಳಬಾಯಿಗೆ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿದ.

"ಇದು ಕರೆಂಟು ಹರಿಸುವುದಿಲ್ಲ ಸಾರೇ, ನೀರು ತಡೆಯುತ್ತದೆ. ರಬ್ಬರಿಗೆ ಮಾತ್ರ ಹಚ್ಚಬೇಕು, ಲೋಹದ ತುದಿಗಲ್ಲ" ಎಂದು ಮಲಯಾಳದಲ್ಲಿ ತಿಳಿಸಿದ.

"ಬೇಗ ಮಗಾ" ಎಂದರು ಅಮ್ಮ.

"ಈಗ ಆಯ್ತಮ್ಮಾ" ಎಂದ, ಕನ್ನಡದಲ್ಲೇ.

ಸಮಯಕ್ಕೆ ತಲಪಿದೆವು, ಅಮ್ಮ ಉಳಿದರು. ಬ್ಯಾಂಕಿನಲ್ಲಿ ಪರರ ಪೈಸೆಗೂ ಲೆಕ್ಕವಿಡುವ ನಾನು, ಬೇಸಗೆಯಲ್ಲೇ ಮುಗಿಸಬೇಕಿದ್ದ ಹತ್ತು ನಿಮಿಷದ ಕೆಲಸವನ್ನು ನಾಳೆ ನಾಳೆಯೆಂದು ದೂಡಿದ್ದೆ. ಈಗ ಮೇ ತಿಂಗಳು ಮುಗಿಯುವ ಮೊದಲೇ, ಇಂಜಿನ್ ತಣಿದಿರುವಾಗ, ಟೋಪಿಗಳಿಗೆಲ್ಲ ನಾನೇ ಗ್ರೀಸ್ ಸವರುತ್ತೇನೆ.