ವಿರಾಟನ ಊರಿನವರು ನಾವು

ಹಾನಗಲ್ಲು ವಿರಾಟನ ಊರು ಎಂಬ ಮಾತು ನಮ್ಮ ಕಡೆ ಎಲ್ಲ ಜಾತಿಯವರ ಬಾಯಲ್ಲೂ ಇದೆ. ಪಾನುಂಗಲ್ಲು ಎಂಬ ಹಳೆಯ ಹೆಸರಿನ ಜೊತೆಗೆ ವಿರಾಟನಕೋಟೆ, ವಿರಾಟನಗರಿ ಎಂಬ ಹೆಸರುಗಳೂ ಶಾಸನಗಳಲ್ಲಿ ಬರುತ್ತವೆ. ಕುಂತಿಯ ಹೆಸರಿನ ದಿಬ್ಬವೊಂದು ಊರಲ್ಲಿದೆ. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲೇ ಎಂದು ಮಾಸ್ತರರು ಹೇಳುವಾಗ, ನಾಲ್ಕನೆಯ ಇಯತ್ತೆಯವರೆಗೆ ಉರ್ದು ಶಾಲೆಯಲ್ಲಿ ಕಲಿತು ಕನ್ನಡ ಶಾಲೆಗೆ ಬಂದಿದ್ದ ನಾವು ಕೂಡ ಅದು ನಮ್ಮದೇ ಮನೆತನದ ಸಂಗತಿಯೋ ಎಂಬಂತೆ ಹಿಗ್ಗುತ್ತಿದ್ದೆವು. ಮಳೆ ಹೋದ ವರ್ಷ ಹಳ್ಳಿಗಳಲ್ಲಿ ವಿರಾಟಪರ್ವ ಓದಿಸುತ್ತಿದ್ದರು. ಓದು ಮುಗಿಯುವುದರೊಳಗೆ ಮೋಡ ಕಟ್ಟುತ್ತದೆ ಎಂಬ ನಂಬಿಕೆ.

ಆ ಪರ್ವದ ನಡುವೆ ನಿಂತವಳು ಬೃಹನ್ನಳೆ. ಬಿಲ್ಲು ಹಿಡಿದ ಕೈಗೆ ಬಳೆ ತೊಟ್ಟು, ರಾಜನ ಮಗಳಿಗೆ ನಾಟ್ಯ ಕಲಿಸುತ್ತ ಅಂತಃಪುರದಲ್ಲಿ ಒಂದು ವರ್ಷ ಇದ್ದವಳು. ವಿರಾಟನಾದರೂ ಸುಮ್ಮನೆ ಒಳಗೆ ಬಿಡಲಿಲ್ಲ, ಹೆಂಗಸರಿಂದ ಪರೀಕ್ಷೆ ಮಾಡಿಸಿಯೇ ಬಿಟ್ಟ ಎಂದು ವ್ಯಾಸಭಾರತ ಹೇಳುತ್ತದೆ. ಪ್ರಮಾಣಪತ್ರ ಕೇಳುವ ಚಾಳಿ ನಮ್ಮ ಊರಿನಿಂದಲೇ ಶುರುವಾಯಿತೋ ಏನೋ! ಇರಲಿ. ಬೃಹನ್ನಳೆಯನ್ನು ಒಪ್ಪುವುದು ಸುಲಭ. ಅವಳದು ಶಾಪದಿಂದ ಬಂದ ರೂಪ, ವರ್ಷ ಮುಗಿದರೆ ಮತ್ತೆ ಅರ್ಜುನ. ಹಿಂತಿರುಗಿ ಅರ್ಜುನನಾಗಲು ಒಲ್ಲದವರು, ಇದು ವೇಷವಲ್ಲ ನಾನೇ ಹೀಗೆ ಎನ್ನುವವರು ಬಂದಾಗ ಮಾತ್ರ ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಜಗಳ ಏಳುತ್ತದೆ.

ಎರಡು ಭಾಷೆಗಳಲ್ಲಿ ಓದಿದವರಿಗೆ ಒಂದು ಸಂಗತಿ ಬೇಗ ಕಣ್ಣಿಗೆ ಬೀಳುತ್ತದೆ. ಪುಸ್ತಕದ ಉರ್ದುವಿನಲ್ಲಿ 'ನಾನು ಹೋಗುತ್ತೇನೆ' ಎನ್ನಬೇಕಾದರೆ, ನೀನು ಗಂಡೋ ಹೆಣ್ಣೋ ಮೊದಲು ಹೇಳು ಎನ್ನುತ್ತದೆ ವ್ಯಾಕರಣ. ಜಾತಾ ಹೂಂ ಎಂದರೆ ಗಂಡು, ಜಾತೀ ಹೂಂ ಎಂದರೆ ಹೆಣ್ಣು. ಕನ್ನಡ ಹಾಗೆ ಕೇಳುವುದಿಲ್ಲ. ನಾನು, ನೀನು, ನಾವು, ಅವರು, ಯಾವುದಕ್ಕೂ ಲಿಂಗದ ಗೊಡವೆಯಿಲ್ಲ. ಎದುರಿಗಿದ್ದವರಿಗೆ ಬಹುವಚನದ ಮರ್ಯಾದೆ ಕೊಟ್ಟುಬಿಟ್ಟರೆ ಗಂಡೋ ಹೆಣ್ಣೋ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಇಷ್ಟು ಉದಾರವಾದ ಭಾಷೆ ಕೈಯಲ್ಲಿದ್ದೂ ನಮ್ಮ ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಇವರನ್ನು ಕಂಡಾಗ 'ಅದು ಬಂತು ನೋಡ್ರಿ' ಎನ್ನುತ್ತೇವೆ. ಎತ್ತಿಗೆ, ಎಮ್ಮೆಗೆ ಹೇಳುವ ಹಾಗೆ. ಈ ಬರಹದಲ್ಲಿ ನಾವು ಉದ್ದಕ್ಕೂ 'ಅವರು' ಎಂದೇ ಬರೆಯುತ್ತೇವೆ. ಓದುಗರಿಗೆ ಅಲ್ಲಲ್ಲಿ ಗೊಂದಲವಾದರೆ ಸಹಿಸಿಕೊಳ್ಳಬೇಕು.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತಲ್ಲ, ಹೆಂಗಸರಿಗೆ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣ. ಅದೇ ಆದೇಶದಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೂ ಪುಕ್ಕಟೆ ಎಂದಿತ್ತು. ಹೆಚ್ಚಿನವರಿಗೆ ಆ ಸಾಲು ಗೊತ್ತಿರಲಿಲ್ಲ. ಅದಾಗಿ ಕೆಲವು ವಾರಕ್ಕೆ ಶಿಗ್ಗಾಂವಿಯಿಂದ ಸವಣೂರಿಗೆ ಹೋಗುವ ಬಸ್ಸಿನಲ್ಲಿ ನಾವಿದ್ದೆವು. ಸೀರೆಯುಟ್ಟ ಒಬ್ಬರು ಆಧಾರ್ ತೋರಿಸಿದರು. ಕಾರ್ಡಿನಲ್ಲಿ ಪುರುಷ ಎಂದಿದೆ, ಹೆಸರೂ ಗಂಡಸಿನದು. ಕಂಡಕ್ಟರ್ ಪಾಪ, ಕಾರ್ಡನ್ನು ಎರಡು ಸಲ ನೋಡಿದರು, ಮುಖವನ್ನು ಎರಡು ಸಲ ನೋಡಿದರು. 'ನಾಳೆ ಚೆಕಿಂಗ್‌ನವರು ಹತ್ತಿದ್ರ ನನ್ನ ನೌಕರಿಗೆ ಬರತೈತ್ರಿ' ಎಂದರು. ಹಿಂದಿನ ಸೀಟಿನ ಹುಡುಗನೊಬ್ಬ, 'ನಾವೂ ಸೀರಿ ಉಟಗೊಂಡು ಬರತೀವಿ ಹಂಗಾರ' ಎಂದ. ನಕ್ಕವರು ನಕ್ಕರು. ತರಕಾರಿ ಬುಟ್ಟಿಯ ಮುದುಕಿಯೊಬ್ಬಳು, 'ಅವರು ಕುಂತ್ರ ನಿಂದೇನು ಹೋತೋ, ಬಸ್ಸು ನಿಮ್ಮಪ್ಪಂದೇನು?' ಎಂದು ತಿರುಗಿಬಿದ್ದಳು. ಅವರು ಯಾರಿಗೂ ಏನೂ ಹೇಳಲಿಲ್ಲ. ರವಿಕೆಯೊಳಗಿನಿಂದ ಚೀಲ ತೆಗೆದು ರೊಕ್ಕ ಎಣಿಸಿ ಟಿಕೀಟು ತೆಗೆದುಕೊಂಡರು, ದಾರಿಯಲ್ಲಿ ಒಂದು ಕ್ರಾಸಿನಲ್ಲಿ ಇಳಿದುಹೋದರು. ಬಸ್ಸಿನಲ್ಲಿ ವಾದ ಸವಣೂರು ಬರುವವರೆಗೂ ನಡೆಯಿತು.

ಇಂಥ ವಾದಗಳೆಲ್ಲ ಹೀಗೆಯೇ. ಯಾರ ಬಗ್ಗೆ ಮಾತೋ ಅವರು ಆಗಲೇ ಇಳಿದು ಹೋಗಿರುತ್ತಾರೆ.

ಹಿರೇಕೆರೂರಿನಲ್ಲಿ ಒಮ್ಮೆ ಕತೆ ಓದಲು ಕರೆದಿದ್ದರು. ಓದಿದ ಮೇಲೆ ಚರ್ಚೆ ಕತೆಯನ್ನು ಬಿಟ್ಟು ಈ ಕಡೆ ಹೊರಳಿತು. ಇದೆಲ್ಲ ಮೊಬೈಲು ಬಂದ ಮೇಲೆ ಹೊರದೇಶದಿಂದ ಬಂದ ಖಯಾಲಿ ಎಂದರು ಒಬ್ಬರು. ಸವದತ್ತಿಯ ಎಲ್ಲಮ್ಮನ, ಹುಲಿಗಿಯ ಹುಲಿಗೆಮ್ಮನ ಜೋಗಪ್ಪಂದಿರು ಯಾವ ಮೊಬೈಲು ನೋಡಿ ಸೀರೆ ಉಟ್ಟರು ಎಂದು ಕೇಳಬೇಕೆನಿಸಿತು. ಇನ್ನೊಬ್ಬರು ವಾಡಿಕೆಯಂತೆ ಜೇಡರ ದಾಸಿಮಯ್ಯನನ್ನು ಕರೆತಂದು, ಆತ್ಮಕ್ಕೆ ಲಿಂಗವೆಲ್ಲಿದೆ ಎಂದು ಚಪ್ಪಾಳೆ ಗಿಟ್ಟಿಸಿದರು. ಆತ್ಮಕ್ಕೆ ಇಲ್ಲದಿರಬಹುದು, ರೇಷನ್ ಕಾರ್ಡಿಗೆ ಇದೆಯಲ್ಲ! ಆ ಸಭೆಯಲ್ಲಿ ನಮಗೆ ನಾಟಿದ ಮಾತು ದವಾಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರದು. 'ಆಪರೇಶನ್ ಮಾಡಬಾರದು ಅಂತ ನೀವು ಎಷ್ಟು ಕೂಗಿದರೂ ಮಾಡಿಸಿಕೊಳ್ಳುವವರು ಮಾಡಿಸಿಕೊಳ್ಳುತ್ತಾರೆ. ಡಾಕ್ಟರ ಕೈಯಲ್ಲೋ, ಕತ್ತಲ ಕೋಣೆಯಲ್ಲಿ ಯಾರದೋ ಕೈಯಲ್ಲೋ ಅನ್ನುವುದಷ್ಟೇ ಪ್ರಶ್ನೆ' ಎಂದರು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಸರಕಾರದ ಲೆಕ್ಕವನ್ನೂ ನೋಡಬೇಕು. 2011ರ ಜನಗಣತಿಯಲ್ಲಿ ಗಂಡು ಹೆಣ್ಣು ಬಿಟ್ಟು 'ಇತರೆ' ಎಂದು ಬರೆಸಿದವರು ದೇಶದಲ್ಲಿ ನಾಲ್ಕು ಲಕ್ಷ ಎಂಬತ್ತೇಳು ಸಾವಿರದ ಮೇಲೆ, ಕರ್ನಾಟಕದಲ್ಲಿ ಸುಮಾರು ಇಪ್ಪತ್ತು ಸಾವಿರ. ಬರೆಸದವರು ಎಷ್ಟೋ. ಅದೇ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿ, ಇವರ ಹೆಸರು ವಿಳಾಸಗಳನ್ನು ಪೊಲೀಸರು ದಾಖಲೆ ಮಾಡಿಟ್ಟುಕೊಳ್ಳಲು ದಾರಿ ಮಾಡಿದರು. ಎಣಿಸಿದ್ದೂ ಸರಕಾರವೇ, ಕಳ್ಳರ ಹಾಗೆ ಪಟ್ಟಿ ಮಾಡಹೊರಟದ್ದೂ ಸರಕಾರವೇ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು, ತಾನು ಯಾರು ಎಂದು ಹೇಳುವ ಹಕ್ಕು ಆಯಾ ಮನುಷ್ಯನದೇ, ಅದಕ್ಕೆ ಶಸ್ತ್ರಚಿಕಿತ್ಸೆ ಆಗಿರಲೇಬೇಕೆಂದು ಹಟ ಹಿಡಿಯುವಂತಿಲ್ಲ ಎಂದಿತು. ಐದು ವರ್ಷದ ಮೇಲೆ, 2019ರಲ್ಲಿ ಬಂದ ಕಾಯ್ದೆ ಜಿಲ್ಲಾ ಮ್ಯಾಜಿಸ್ಟ್ರೇಟರ ಪ್ರಮಾಣಪತ್ರ ಬೇಕು ಎಂದಿತು. ಗಂಡು ಅಥವಾ ಹೆಣ್ಣು ಎಂದೇ ಬರೆಸಬೇಕಾದರೆ ಆಪರೇಶನ್ ಆದದ್ದಕ್ಕೆ ಆಸ್ಪತ್ರೆಯ ಕಾಗದವನ್ನೂ ಕೇಳಿತು. ರಕ್ಷಣೆಗೆಂದು ತಂದ ಕಾಯ್ದೆಯನ್ನು ವಿರೋಧಿಸಿ ಬೀದಿಗಿಳಿದವರು ಅವರೇ. ವಿರಾಟನ ಪರೀಕ್ಷೆ ಮತ್ತೆ ಬಂತು ಎಂದು ನಮಗನಿಸಿತು. ನಮ್ಮ ರಾಜ್ಯ 2021ರ ಜುಲೈಯಲ್ಲಿ ಸರಕಾರಿ ನೇಮಕಾತಿಯಲ್ಲಿ ಇವರಿಗೆ ನೂರಕ್ಕೆ ಒಂದು ಮೀಸಲಾತಿ ಕೊಟ್ಟಿತು. ದೇಶದಲ್ಲಿ ಮೊದಲು ಕೊಟ್ಟದ್ದು ನಾವೇ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಅದೇ ವರ್ಷದ ನವೆಂಬರಿನಲ್ಲಿ ಮಂಜಮ್ಮ ಜೋಗತಿಯವರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಂಡರು. ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ತೆಗೆದದ್ದನ್ನು ನಾಡೆಲ್ಲ ಟಿವಿಯಲ್ಲಿ ನೋಡಿತು. ಬಳ್ಳಾರಿ ಸೀಮೆಯ ಮಂಜುನಾಥ ಎಂಬ ಹುಡುಗ ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿಕೊಂಡು ಮಂಜಮ್ಮನಾಗಿ, ಕಾಳವ್ವ ಜೋಗತಿಯವರಿಂದ ಕುಣಿತ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ ದಾರಿ ಸಣ್ಣದಲ್ಲ. ಜಾನಪದಕ್ಕೆಂದೇ ಇರುವ ವಿಶ್ವವಿದ್ಯಾಲಯ ನಮ್ಮ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿದೆ. ಕೊಡ ಹೊತ್ತು ಕುಣಿದರೆ ಕಲೆ, ಹರಸಿದರೆ ದೇವಿ. ಎಷ್ಟು ಸಂತೋಷ ನಮಗೆ. ಅದೇ ಮನುಷ್ಯರು ಬಾಡಿಗೆಗೆ ಮನೆ ಕೇಳಿದರೆ? ಹೆಸರು ಬದಲಿಸಿ ಕೊಡಿ ಎಂದರೆ? ತಂದೆಯ ಆಸ್ತಿಯಲ್ಲಿ ಪಾಲು ಎಂದರೆ?

ನಮ್ಮ ಸಮುದಾಯದ ಕಡೆಯೂ ತಿರುಗಿ ನೋಡಬೇಕು. ಜಮಾತಿನಲ್ಲಿ ಮಾತು ಬಂದರೆ ಸಾಮಾನ್ಯವಾಗಿ ಒಂದೇ ಬಾಣ: ಅಲ್ಲಾಹನ ಸೃಷ್ಟಿಯನ್ನು ಬದಲಿಸುವುದು ಹರಾಮ್, ಹೆಣ್ಣಿನಂತೆ ವೇಷ ಹಾಕುವ ಗಂಡಿನ ಮೇಲೆ ಶಾಪವಿದೆ. ಹದೀಸಿನಲ್ಲಿ ಆ ಮಾತು ಇದೆ, ಇಲ್ಲವೆಂದು ಯಾರೂ ಹೇಳುವುದಿಲ್ಲ. ಆದರೆ ಅದೇ ಹದೀಸುಗಳಿಗೆ ವ್ಯಾಖ್ಯಾನ ಬರೆದ ಇಮಾಮ್ ನವವಿ, ಹುಟ್ಟಿನಿಂದಲೇ ಹೆಣ್ಣಿನ ನಡೆನುಡಿ ಇರುವವರ ಮೇಲೆ ದೋಷವಿಲ್ಲ, ಬೇಕೆಂದೇ ನಟಿಸುವವರ ಮೇಲೆ ಮಾತ್ರ ಎಂದು ಬೇರೆ ಮಾಡಿ ಹೇಳಿದರು. ನಮ್ಮ ಮದರಸಗಳಲ್ಲಿ ಓದಿಸುವ ಹಿದಾಯಾದಲ್ಲಿ ಖುನ್ಸಾ, ಅಂದರೆ ಗಂಡೋ ಹೆಣ್ಣೋ ಎಂದು ದೇಹದಿಂದ ತಿಳಿಯದವರ ಬಗ್ಗೆ ಪ್ರತ್ಯೇಕ ಅಧ್ಯಾಯವೇ ಇದೆ. ನಮಾಜಿನಲ್ಲಿ ಗಂಡಸರ, ಹುಡುಗರ ಸಾಲು ಮುಗಿದು ಹೆಂಗಸರ ಸಾಲಿಗೆ ಮೊದಲು ಅವರ ಸಾಲು ಎಂದು ಹನಫಿ ಪಂಡಿತರು ಗೊತ್ತುಮಾಡಿದ್ದರು. ಅದು ಇಂದಿನ ಪ್ರಶ್ನೆಗೆ ನೇರ ಉತ್ತರವಲ್ಲ, ನಿಜ. ಆದರೂ ಮಸೀದಿಯಲ್ಲಿ ಅವರಿಗೆ ಒಂದು ಜಾಗವಿರಬೇಕು ಎಂದು ಎಂಟುನೂರು ವರ್ಷಗಳ ಹಿಂದಿನವರಿಗೆ ಹೊಳೆದಿತ್ತಲ್ಲ. ನಮ್ಮ ನಾಲ್ಕು ತಾಲ್ಲೂಕಿನ ಯಾವ ಮಸೀದಿಯಲ್ಲೂ ಆ ಸಾಲನ್ನು ನಾವು ಕಂಡಿಲ್ಲ.

ಮುಸ್ಲಿಂ ಜಗತ್ತು ಈ ವಿಷಯದಲ್ಲಿ ಒಂದೇ ಮಾತಿನಲ್ಲಿ ನಿಂತದ್ದೂ ಇಲ್ಲ. ಇರಾನಿನಲ್ಲಿ ಅಯಾತುಲ್ಲಾ ಖೊಮೇನಿ 1980ರ ದಶಕದಲ್ಲೇ ಶಸ್ತ್ರಚಿಕಿತ್ಸೆಗೆ ಅನುಮತಿ ಕೊಟ್ಟರು. ಈಜಿಪ್ಟಿನಲ್ಲಿ 1988ರಲ್ಲಿ ಅಲ್ ಅಜ್‌ಹರ್‌ನ ವೈದ್ಯಕೀಯ ವಿದ್ಯಾರ್ಥಿಯೊಬ್ಬರು ಆಪರೇಶನ್ ಮಾಡಿಸಿಕೊಂಡಾಗ ದೊಡ್ಡ ಗದ್ದಲವಾಗಿ, ಮುಫ್ತಿ ತಂತಾವಿ ಕೊಟ್ಟ ಫತ್ವಾವನ್ನು ಎರಡೂ ಕಡೆಯವರು ತಮ್ಮ ಪರವೆಂದೇ ಓದಿಕೊಂಡರು. ಪಾಕಿಸ್ತಾನ 2018ರಲ್ಲಿ ಸ್ವಂತ ಘೋಷಣೆಯನ್ನು ಒಪ್ಪುವ ಕಾಯ್ದೆ ಮಾಡಿತು, 2023ರ ಮೇ ತಿಂಗಳಲ್ಲಿ ಅಲ್ಲಿಯ ಶರೀಅತ್ ನ್ಯಾಯಾಲಯ ಅದರ ಮುಖ್ಯ ಕಲಮುಗಳು ಇಸ್ಲಾಮಿಗೆ ವಿರುದ್ಧ ಎಂದಿತು. ಇಷ್ಟೆಲ್ಲ ಭಿನ್ನಾಭಿಪ್ರಾಯ ಇರುವಲ್ಲಿ, ಸವಣೂರಿನ ಚಹಾದಂಗಡಿಯಲ್ಲಿ ಕುಳಿತು ಒಂದೇ ಉಸಿರಿನಲ್ಲಿ ಹುಕುಂ ಕೊಡುವವರ ಧೈರ್ಯ ದೊಡ್ಡದು.

ಸವಣೂರು ಎಂದಾಗ ಒಂದು ಮನೆಯ ವಿಷಯ ಹೇಳಲೇಬೇಕು. ನಮಗೆ ದೂರದಿಂದ ಖಾಲಾ ಆಗುವವರು, ಎಲೆ ವ್ಯಾಪಾರದ ಮನೆ. ಮೂರು ಮಕ್ಕಳು. ಕೊನೆಯವರು ಹದಿನಾರನೆಯ ವಯಸ್ಸಿನಲ್ಲಿ ಅಣ್ಣನ ಬೆಲ್ಟಿನ ಏಟು ತಿಂದು ಮನೆ ಬಿಟ್ಟು ಪುಣೆಗೆ ಹೋದರು. ಇಪ್ಪತ್ತು ವರ್ಷಕ್ಕೂ ಮೇಲೆ ತಾಯಿಯ ಕಣ್ಣಿನ ಆಪರೇಶನ್ನಿಗೆ ರೊಕ್ಕ ತೆಗೆದುಕೊಂಡು ಸಲ್ವಾರ್ ಕಮೀಜಿನಲ್ಲಿ ಬಂದು ಬಾಗಿಲಲ್ಲಿ ನಿಂತರು. ದೇಹವೂ ಬದಲಾಗಿತ್ತು. ರೊಕ್ಕವನ್ನು ಅಣ್ಣಂದಿರು ಒಳಗೆ ತೆಗೆದುಕೊಂಡರು, ಅವರನ್ನು ಅಲ್ಲ. ಆಮೇಲೆ ಬಂದಾಗಲೆಲ್ಲ ಖಾಲಾ ಹಿತ್ತಲ ಬಾಗಿಲಿನಿಂದ ಕರೆದು ಊಟ ಹಾಕುತ್ತಿದ್ದರು. ಅಣ್ಣಂದಿರದು ಒಂದೇ ಮಾತು: 'ಅವ ನಮ್ಮ ತಮ್ಮ. ಸಾಯುವವರೆಗೂ ತಮ್ಮನೇ. ಈ ನಾಟಕ ನಮ್ಮ ಮುಂದೆ ಬೇಡ.'

ಖಾಲೂ ತೀರಿಕೊಂಡರು. ನಲವತ್ತು ದಿನ ಕಳೆದು ಪಾಲಿನ ಮಾತಿಗೆ ಹಿರಿಯರು ಕೂತರು, ಬಂಧುಗಳೆಂದು ನಮ್ಮನ್ನೂ ಕರೆದಿದ್ದರು. ಮಾತು ನಡೆದದ್ದು ದಖನಿಯಲ್ಲಿ, ನಾವು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇವೆ. ತಾಯಿಗೆ ಎಂಟನೆಯ ಒಂದು ಪಾಲು, ಅದರಲ್ಲಿ ತಕರಾರಿಲ್ಲ. ಉಳಿದದ್ದು ಮಕ್ಕಳಿಗೆ, ಮಗನಿಗೆ ಎರಡಾದರೆ ಮಗಳಿಗೆ ಒಂದು. ಹಿರಿಯ ಮಗ ಗಂಟಲು ಸರಿಮಾಡಿಕೊಂಡು, 'ನಾವು ಇಬ್ಬರು ಗಂಡುಮಕ್ಕಳು, ಒಬ್ಬಳು ತಂಗಿ' ಎಂದ.

ಕೋಣೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಇಪ್ಪತ್ತು ವರ್ಷ ತಮ್ಮ ತಮ್ಮ ಎಂದು ಹಲ್ಲು ಕಡಿದವನ ಬಾಯಲ್ಲಿ ಮೊದಲ ಸಲ ಬಹನ್ ಎಂಬ ಶಬ್ದ ಬಂದಿತ್ತು.

ಅವರ ಪರವಾಗಿ ಎದ್ದು ಮಾತಾಡಿದವರು ಯಾರೆಂದರೆ ಹಜರತ್. ಜುಮ್ಮಾದ ಬಯಾನಿನಲ್ಲಿ ಇಂಥವರ ವಿರುದ್ಧ ಕಟುವಾಗಿ ಮಾತಾಡಿದವರು ಅವರೇ. 'ಗಂಡಾಗಿ ಹುಟ್ಟಿದವ ಗಂಡೇ. ಕತ್ತರಿಸಿಕೊಂಡರೆ ಹುಕುಂ ಬದಲಾಗುವುದಿಲ್ಲ. ಮಗನ ಪೂರ್ತಿ ಪಾಲು ಕೊಡಬೇಕು, ಕೊಡದಿದ್ದರೆ ಅನಾಥರ ಮಾಲು ತಿಂದಷ್ಟೇ ಪಾಪ' ಎಂದರು. ಹೀಗೆ ಅವರನ್ನು ಹೆಣ್ಣೆಂದು ಒಪ್ಪಿದವರು ಅರ್ಧ ಕಿತ್ತುಕೊಳ್ಳಲು ನಿಂತಿದ್ದರು, ಒಪ್ಪದವರು ಪೂರ್ತಿ ಕೊಡಿಸಲು ನಿಂತಿದ್ದರು. ಹಜರತ್‌ರ ನ್ಯಾಯಬುದ್ಧಿಯ ಮೇಲೆ ನಮಗೆ ಅಂದು ಬಂದ ಗೌರವ ಈಗಲೂ ಇದೆ, ಅವರ ಬಯಾನನ್ನು ನಾವು ಒಪ್ಪದಿದ್ದರೂ.

ಎಲ್ಲರೂ ಅವರ ಕಡೆ ನೋಡಿದರು. ಅವರು ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು, 'ತಂಗಿ ಅಂದರಲ್ಲ, ಅರ್ಧವೇ ಸಾಕು. ಕಾಗದದಲ್ಲಿ ಹಾಗೇ ಬರೆಸಲಿ' ಎಂದರು.

ಕಾಗದ ಅಷ್ಟು ಸುಲಭವಾಗಲಿಲ್ಲ. ವಾಟ್ನಿ ಪತ್ರ ಬರೆಯುವವರು ಆಧಾರ್ ಕೇಳಿದರು, ಅದರಲ್ಲಿ ಹಳೆಯ ಹೆಸರು. ಮಗಳು ಎಂದು ಬರೆದರೆ ಕಾರ್ಡು ಹೊಂದುವುದಿಲ್ಲ, ಮಗ ಎಂದು ಬರೆದರೆ ಅಣ್ಣಂದಿರು ಸಹಿ ಹಾಕುವುದಿಲ್ಲ. ಪ್ರಮಾಣಪತ್ರಕ್ಕೆ ಹಾವೇರಿಗೆ, ದೇವಗಿರಿಯ ಜಿಲ್ಲಾಡಳಿತ ಭವನಕ್ಕೆ ಅರ್ಜಿ ಹೋಯಿತು. ಅದು ಬರುವವರೆಗೆ ಕಾಯೋಣ ಎಂದರೆ ಹಿರಿಯವನಿಗೆ ಸಾಲದವರ ಕಾಟ. ಕೊನೆಗೆ ಪತ್ರ ಬರೆಯುವವರೇ ಉಪಾಯ ಹುಡುಕಿ ಕರಡಿನಲ್ಲಿ 'ವಾರಸುದಾರರು ನಂಬರ 3' ಎಂದಷ್ಟೇ ಬರೆದರು. ಅವರು ಅದನ್ನು ಓದಿಸಿ ಕೇಳಿ, ಸಹಿ ಹಾಕಲಿಲ್ಲ. ಎಷ್ಟು ಅಂದರೂ ಹಾಕಲಿಲ್ಲ.

ಆವಾಗ ಖಾಲಾ ಒಂದು ಕೆಲಸ ಮಾಡಿದರು. ತಮ್ಮ ಎಂಟನೆಯ ಒಂದು ಪಾಲಿಗೆ ಬರುವ ಮುಂದಿನ ಪಡಸಾಲೆಯನ್ನು ಬದುಕಿರುವಾಗಲೇ ಹಿಬಾ ಕೊಡುತ್ತೇನೆ ಎಂದು ಇಬ್ಬರು ಸಾಕ್ಷಿಗಳ ಮುಂದೆ ಹೇಳಿ, ಬೀಗದಕೈ ತೆಗೆದು ಅವರ ಕೈಯಲ್ಲಿಟ್ಟರು. ಸಾಕ್ಷಿಗಳಲ್ಲಿ ಒಬ್ಬರು ಹಜರತ್. ಈಗ ಅವರು ಪುಣೆಯಿಂದ ಬಂದರೆ ಬೀದಿಯ ಕಡೆಯ ಬಾಗಿಲನ್ನೇ ತೆಗೆದು ಒಳಗೆ ಬರುತ್ತಾರೆ. ಓಣಿಯವರು ಕೆಲವರು ಮಾತಾಡಿಸುತ್ತಾರೆ, ಕೆಲವರು ಇಲ್ಲ. ಹಿರಿಯ ಮಗ ಕಳೆದ ಎರಡು ಈದ್‌ಗೂ ತಾಯಿಯ ಮನೆಗೆ ಬಂದಿಲ್ಲ.